ಊರನ್ನು ಓದುವ ವಿದ್ಯೆ

(ಮಲೆನಾಡಿನ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಗ್ರಾಮ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಘಟ್ಟದ ಹಳ್ಳಿಗಳಿಗೆ ಪ್ರಶ್ನೆ ಕೇಳುವವರು ಬರುವುದು ಹೊಸತಲ್ಲ. ಜನಗಣತಿಯವರು, ಅಣೆಕಟ್ಟಿನ ಸರ್ವೆಯವರು, ಅರಣ್ಯದ ಗಡಿ ಗುರುತಿಸುವವರು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಹೀಗೆ ಎಲ್ಲರೂ ಬಂದಿದ್ದಾರೆ. ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ ನೀರು ಕುಡಿದು, ನಮೂನೆ ತುಂಬಿಕೊಂಡು ಹೋಗಿದ್ದಾರೆ. ಆ ನಮೂನೆಗಳಿಂದ ಏನಾಯಿತೆಂಬುದು ಊರಿಗೆ ತಿಳಿಯುವುದು ಬಹಳ ಸಲ ಅಧಿಸೂಚನೆಯೊಂದು ಹೊರಬಿದ್ದ ಮೇಲೆಯೇ. ಉತ್ತರ ಹೇಳುವುದರಲ್ಲಿ ಪಳಗಿದ ಈ ಹಳ್ಳಿಗಳು ಪ್ರಶ್ನೆ ಕೇಳುವ ವಿದ್ಯೆಯನ್ನೂ ಕಲಿಯಬೇಕು ಎಂಬುದು ಈ ಮಾತಿನ ಹಿಂದಿರುವ ಆಶಯ.

ಸಮಾಜ ಸಂಶೋಧನೆ ಎಂದೊಡನೆ ವಿಶ್ವವಿದ್ಯಾಲಯದ ಕೊಠಡಿ, ದಪ್ಪ ರಟ್ಟಿನ ಪ್ರಬಂಧ ನೆನಪಾಗುವುದು ಸಹಜ. ಆದರೆ ಅದರ ಪರಿಣಾಮ ಬೀಳುವುದು ಗದ್ದೆ, ತೋಟ, ಬೆಟ್ಟಗಳ ಮೇಲೆ. ಪಶ್ಚಿಮ ಘಟ್ಟದ ವಿಚಾರವನ್ನೇ ನೋಡಬಹುದು. ಮಾಧವ ಗಾಡ್ಗೀಳ್ ಅವರ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಘಟ್ಟವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ವಿಂಗಡಿಸಿತ್ತು. ಒಂದೊಂದು ಚೌಕ ಸುಮಾರು 9 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಕಸ್ತೂರಿರಂಗನ್ ಅವರ ಸಮಿತಿ 2013ರಲ್ಲಿ ಆ ಚೌಕಗಳನ್ನು ಬಿಟ್ಟು ಹಳ್ಳಿಯನ್ನು ಘಟಕವಾಗಿ ಹಿಡಿಯಿತು. ಹಳ್ಳಿಯ ವಿಸ್ತೀರ್ಣದಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮ ಎಂದು ಉಪಗ್ರಹ ಚಿತ್ರದಿಂದ ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಮರಗಳ ನೆರಳಿನಲ್ಲಿ ಬೆಳೆದ ಕಾಫಿ ತೋಟವೂ ಆಕಾಶದಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ ಎಂಬ ಆಕ್ಷೇಪ ಕೊಡಗಿನಿಂದ ಎದ್ದಿತು. 2014ರ ಮಾರ್ಚಿನಿಂದ ಮೊದಲ್ಗೊಂಡು 2024ರ ಜುಲೈವರೆಗೆ ಕರಡು ಅಧಿಸೂಚನೆ ಮತ್ತೆ ಮತ್ತೆ ಪ್ರಕಟವಾಯಿತು. ಎರಡೂ ವರದಿಗಳ ಪರವಾಗಿ, ವಿರೋಧವಾಗಿ ಸಾಕಷ್ಟು ಚರ್ಚೆ ನಡೆದಿದೆ. ಇಲ್ಲಿ ಗಮನಿಸಬೇಕಾದುದು ಬೇರೆ. ಅದೇ ಘಟ್ಟ, ಅದೇ ಮಳೆ, ಅದೇ ಜನ. ಅಳೆಯುವ ಘಟಕ ಬದಲಾದೊಡನೆ ಚಿತ್ರವೇ ಬದಲಾಯಿತು. ಘಟಕವನ್ನು ಆರಿಸುವವರು ಅರ್ಧ ಉತ್ತರವನ್ನೂ ಆರಿಸಿರುತ್ತಾರೆ. ಈ ಕಾರಣಕ್ಕಾಗಿಯೇ ಸಂಶೋಧನೆಯ ಯೋಜನೆ ಎಂಬ ಹಂತವನ್ನು ತಜ್ಞರ ಗುಟ್ಟೆಂದು ಬಿಟ್ಟುಕೊಡಲಾಗದು.

ಯೋಜನೆಯ ಮೊದಲ ಕೆಲಸ ಪ್ರಶ್ನೆಯನ್ನು ಕಂಡುಕೊಳ್ಳುವುದು. ವಿಷಯ ಬೇರೆ, ಪ್ರಶ್ನೆ ಬೇರೆ. ‘ಬಿದಿರಿನ ನಾಶ’ ಎಂಬುದು ವಿಷಯ. ಅದರ ಮೇಲೆ ಭಾಷಣ ಮಾಡಬಹುದು, ಮೆರವಣಿಗೆ ತೆಗೆಯಬಹುದು, ಸಂಶೋಧನೆ ಮಾಡಲು ಬರುವುದಿಲ್ಲ. 1970ರ ದಶಕದ ಮಧ್ಯದಲ್ಲಿ ಕರ್ನಾಟಕದಲ್ಲಿ ನಡೆದ ಅಧ್ಯಯನವೊಂದು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಕಾಗದದ ಗಿರಣಿಗಳಿಗೆ ಸರ್ಕಾರ ಬಹಳ ಕಡಿಮೆ ದರಕ್ಕೆ, ಒಂದು ಕಾಲದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯಂತೆ, ಬಿದಿರನ್ನು ಒದಗಿಸುತ್ತಿತ್ತು. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರಿಗೆ ಬಿದಿರು ಸಿಗದಂತಾಯಿತು. ಗಿರಣಿಗಳೇ ಬಿದಿರನ್ನು ಮುಗಿಸುತ್ತಿವೆ ಎಂದು ಅವರು ದೂರಿದರು. ಊರಿನವರ ದನಗಳ ಮೇವಿನಿಂದ, ಹಳ್ಳಿಗರ ಕಡಿತದಿಂದ ಬಿದಿರು ಹಾಳಾಗಿದೆ ಎಂಬುದು ಅರಣ್ಯಾಧಿಕಾರಿಗಳ ವಾದವಾಗಿತ್ತು. ಎರಡು ಕಡೆಯವರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ದನ ಕಳಲೆ ತಿನ್ನುವುದು ಸುಳ್ಳಲ್ಲ.

ಇದನ್ನು ಪರಿಶೀಲಿಸಲು ಹೊರಟ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಕೇಳಿಕೊಂಡ ಪ್ರಶ್ನೆ ‘ಯಾರು ತಪ್ಪಿತಸ್ಥರು’ ಎಂಬುದಲ್ಲ. ಒಂದು ಬಿದಿರ ಮೆಳೆಯಲ್ಲಿ ಹುಟ್ಟುವ ಕಳಲೆಗಳಲ್ಲಿ ಎಷ್ಟು ಬದುಕಿ ಗಳುವಾಗುತ್ತವೆ, ಯಾವ ಪರಿಸ್ಥಿತಿಯಲ್ಲಿ ಬದುಕುತ್ತವೆ, ಯಾವುದರಲ್ಲಿ ಸಾಯುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮುಳ್ಳು ಬಿದಿರಿನ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಗೊಂಬೆಗಳೇ ಎಳೆ ಕಳಲೆಗಳಿಗೆ ಬೇಲಿ. ಮೆಳೆಯನ್ನು ‘ಸ್ವಚ್ಛ’ಗೊಳಿಸಿದರೆ ಬಿದಿರು ಹುಲುಸಾಗುತ್ತದೆಂಬ ನಂಬಿಕೆಯಿಂದ ಆ ಮುಳ್ಳುಗಳನ್ನು ಕಡಿದು ತೆಗೆಯುವ ಪದ್ಧತಿ ಜಾರಿಯಲ್ಲಿತ್ತು. ಬೇಲಿ ಹೋದ ಮೇಲೆ ದನ, ಮಂಗ, ಮುಳ್ಳುಹಂದಿ ಎಲ್ಲಕ್ಕೂ ಕಳಲೆ ಸುಲಭದ ತುತ್ತಾಯಿತು. ದನ ತಿಂದದ್ದು ನಿಜ. ತಿನ್ನಲು ದಾರಿ ಮಾಡಿಕೊಟ್ಟದ್ದು ಕಡಿತದ ಪದ್ಧತಿ. ಕಾಡಿನಂಚಿನ ಹಳ್ಳಿಗರಿಗೆ ಈ ಸಂಗತಿ ಮೊದಲೇ ತಿಳಿದಿತ್ತು ಎಂಬುದನ್ನು ಮರೆಯುವಂತಿಲ್ಲ. ಅವರ ಅರಿವು ಅಳತೆಯ ರೂಪ ತಾಳಿ ಕಾಗದದ ಮೇಲೆ ಬಂದಿರಲಿಲ್ಲ, ಅಷ್ಟೆ. ಒಂದು ಗಣಿತದಷ್ಟೇ ಸರಳವಾದ ಪ್ರಶ್ನೆ, ‘ನೂರು ಕಳಲೆಯಲ್ಲಿ ಎಷ್ಟು ಉಳಿಯುತ್ತವೆ’ ಎಂಬುದು, ವರ್ಷಗಳ ಆರೋಪ ಪ್ರತ್ಯಾರೋಪಕ್ಕಿಂತ ಹೆಚ್ಚಿನದನ್ನು ಹೇಳಿತು.

ಒಳ್ಳೆಯ ಪ್ರಶ್ನೆಯ ಲಕ್ಷಣ ಇದರಿಂದ ತಿಳಿಯುತ್ತದೆ. ಅದಕ್ಕೆ ಎರಡು ಬಗೆಯ ಉತ್ತರ ಬರುವ ಸಾಧ್ಯತೆ ಇರಬೇಕು. ಬಂದ ಉತ್ತರ ಕೇಳಿದವರಿಗೇ ಅಪ್ರಿಯವಾಗುವ ಸಾಧ್ಯತೆಯೂ ಇರಬೇಕು. ಯಾವ ಉತ್ತರ ಬಂದರೂ ಒಂದೇ ತೀರ್ಮಾನಕ್ಕೆ ಹೋಗುವಂತಿದ್ದರೆ ಅಧ್ಯಯನಕ್ಕೆ ಹಣ, ಸಮಯ ವ್ಯಯಿಸಬೇಕಾಗಿಲ್ಲ, ಕರಪತ್ರ ಸಾಕು. ಚಳವಳಿಯ ಸಂಘಟನೆಗಳು ನಡೆಸುವ ಸಮೀಕ್ಷೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಅಣೆಕಟ್ಟಿನಿಂದ ಊರಿಗೆ ಆಗುವ ಅನಾಹುತಗಳೇನು’ ಎಂದು ಕೇಳಿದರೆ ಅನಾಹುತಗಳ ಪಟ್ಟಿಯೇ ಬರುತ್ತದೆ, ಮತ್ತು ಎದುರು ಪಕ್ಷದ ವಕೀಲರು ಮೊದಲು ಹರಿದು ಹಾಕುವುದೂ ಅದನ್ನೇ.

ಪ್ರಶ್ನೆ ಸಿದ್ಧವಾದ ಮೇಲೆ ಹೋಲಿಕೆ ಬೇಕು. ಒಂದೇ ಊರನ್ನು ನೋಡಿ ‘ಇದರಿಂದ ಹೀಗಾಯಿತು’ ಎನ್ನುವುದು ಕಷ್ಟ. ಈ ಮಾತಿಗೆ ಮಂಡ್ಯದ ಸುತ್ತ ನಡೆದ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ವಿರಳ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ನಿಜವಾದ ಹೆಸರುಗಳನ್ನು ಮರೆಮಾಡಿ ಒಂದನ್ನು ವಂಗಲ, ಇನ್ನೊಂದನ್ನು ದಾಲೇನ ಎಂದು ಕರೆದರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲದ ಹೊಲಗಳಿಗೆ ಹರಿಯಿತು. ದಾಲೇನದ ಭೂಮಿ ಎತ್ತರದಲ್ಲಿದ್ದುದರಿಂದ ಸುತ್ತ ನೀರಾವರಿಯಾದರೂ ಅದು ಒಣ ಊರಾಗಿಯೇ ಉಳಿಯಿತು. ಜಾತಿಗಳ ರಚನೆ, ಭಾಷೆ, ಹಬ್ಬ ಹರಿದಿನ, ಪೇಟೆಯ ದೂರ ಇವೆಲ್ಲ ಹೆಚ್ಚುಕಡಿಮೆ ಒಂದೇ ಬಗೆ. ಮುಖ್ಯ ವ್ಯತ್ಯಾಸ ನೀರೊಂದೇ.

ನೀರು ಬಂದ ಊರು ಬೇಗ ಬದಲಾಗುತ್ತದೆ, ನೀರಿಲ್ಲದ ಊರು ಹಿಂದುಳಿಯುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ಬೇರೆ. ವಂಗಲದವರು ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆಗೆ ಹಾಕಿದರು, ಹಣ ಕಂಡರು, ಆದರೆ ಬೇಸಾಯದಲ್ಲಿಯೇ ಉಳಿದರು. ಒಡೆಯ ಮತ್ತು ಆಳಿನ ನಡುವಿನ ವಂಶಪಾರಂಪರ್ಯದ ಸಂಬಂಧ, ಊರ ಹಿರಿಯರ ಅಧಿಕಾರ ಬಹುಮಟ್ಟಿಗೆ ಹಾಗೆಯೇ ನಿಂತವು. ದಾಲೇನದವರಿಗೆ ಸ್ವಂತ ಹೊಲದಲ್ಲಿ ಆಸರೆ ಸಾಲದಾಯಿತು. ಅವರು ಮಂಡ್ಯದ ಕಾರ್ಖಾನೆ, ಕಚೇರಿಗಳಲ್ಲಿ ದುಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಬೇರೆ ಊರುಗಳಲ್ಲಿ ನೀರಾವರಿ ಭೂಮಿ ಕೊಂಡರು. ಹಳೆಯ ಸಂಬಂಧಗಳು ಸಡಿಲಗೊಂಡದ್ದು ಈ ಒಣ ಊರಿನಲ್ಲಿ. ಒಂದೇ ಊರನ್ನು ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಎಪ್‌ಸ್ಟೀನ್ ಅವರು 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದು ನೋಡಿದರು ಎಂಬುದೂ ಗಮನಾರ್ಹ. ಒಮ್ಮೆ ಬಂದು ಹೋದವರು ಬರೆದ ಗ್ರಂಥಗಳ ರಾಶಿಯಲ್ಲಿ ಮರಳಿ ಬಂದವರದು ಸಣ್ಣ ಗುಂಪು.

ಮಲೆನಾಡಿನಲ್ಲಿ ಇಂಥ ಜೋಡಿಗಳಿಗೆ ಕೊರತೆಯಿಲ್ಲ. ಒಂದೇ ಹೊಳೆಯ ಎರಡು ದಡದಲ್ಲಿ, ಬಸ್ಸು ಬರುವ ಊರು ಮತ್ತು ಬಾರದ ಊರು; ಬೆಟ್ಟವನ್ನು ಎಲ್ಲರೂ ಕೂಡಿ ಕಾಯುವ ಕೇರಿ ಮತ್ತು ಮನೆಮನೆಗೆ ಹಂಚಿಕೊಂಡ ಕೇರಿ. ಆದರೆ ಹೋಲಿಸುವ ಮುನ್ನ ಪದಗಳ ಅರ್ಥ ಖಚಿತವಾಗಬೇಕು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಬೆಟ್ಟದ ಹಕ್ಕು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಇತ್ತು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಮೇಲುನೋಟಕ್ಕೆ ಅಂಥದೇ ಭೂಮಿ. ಕಾನೂನಿನಲ್ಲಿ ಅವುಗಳ ಚರಿತ್ರೆ ಬೇರೆ, ಹಕ್ಕು ಬೇರೆ. ಮೂರನ್ನೂ ‘ಸೊಪ್ಪಿನ ಬೆಟ್ಟ’ ಎಂಬ ಒಂದೇ ಕಲಮಿನಲ್ಲಿ ತುಂಬಿದ ಪಟ್ಟಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಯಾರನ್ನು ಕೇಳಬೇಕು ಎಂಬುದು ಮುಂದಿನ ಸಮಸ್ಯೆ. ಹೆಚ್ಚು ಜನರನ್ನು ಕೇಳಿದರೆ ಹೆಚ್ಚು ಸತ್ಯ ಸಿಗುತ್ತದೆಂಬುದು ಭ್ರಮೆ. ಅಮೆರಿಕದಲ್ಲಿ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಆರಿಸಿದ್ದು ಬಹುಪಾಲು ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಉತ್ತರ ಬರೆದು ಕಳುಹಿಸುವ ಉಮೇದು ಇದ್ದವರೂ ಒಂದು ಬಗೆಯ ಜನವೇ. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಈ ಕಥೆಯ ಮಲೆನಾಡಿನ ರೂಪ ಎಲ್ಲರಿಗೂ ಪರಿಚಿತ. ಸಮೀಕ್ಷೆಗೆ ಬಂದವರು ಡಾಂಬರು ರಸ್ತೆಯ ಬದಿಯ ಮನೆಗಳನ್ನು ಮುಗಿಸಿ, ಕಾಲುಸಂಕ ದಾಟಬೇಕಾದ ಮನೆಗಳನ್ನು ‘ಬಾಗಿಲು ಹಾಕಿತ್ತು’ ಎಂದು ಬರೆಯುತ್ತಾರೆ. ಮಳೆಗಾಲದಲ್ಲಿ ಯಾರೂ ಬರುವುದಿಲ್ಲ. ಆದ್ದರಿಂದ ಮಳೆಗಾಲದ ಹಸಿವು, ಮಳೆಗಾಲದ ಕಾಯಿಲೆ, ಶಾಲೆಗೆ ಹೋಗಲಾಗದ ಮಕ್ಕಳು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ರಾಬರ್ಟ್ ಚೇಂಬರ್ಸ್ ಅವರು 1983ರ ತಮ್ಮ ಗ್ರಂಥದಲ್ಲಿ ಡಾಂಬರು ರಸ್ತೆಯ ಮತ್ತು ಒಣ ಋತುವಿನ ಈ ಪಕ್ಷಪಾತಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಘಟ್ಟದವರಿಗೆ ಅದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯ ಬೀಳದು.

ಪರಿಹಾರ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ಊರಿನ ಎಲ್ಲ ಮನೆಗಳ ಪಟ್ಟಿ ಆಗಬೇಕು. ಪಂಚಾಯತಿಯ ತೆರಿಗೆ ಪುಸ್ತಕ, ಮತದಾರರ ಪಟ್ಟಿ ಆರಂಭಕ್ಕೆ ಸಾಕು; ಆದರೆ ತೋಟದ ಲೈನ್ ಮನೆಗಳು, ಅರಣ್ಯದಂಚಿನ ಗುಡಿಸಲುಗಳು, ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಕೂಲಿಯವರು ಅವುಗಳಲ್ಲಿ ಇಲ್ಲದಿರಬಹುದು. ಕಾಲ್ನಡಿಗೆಯಲ್ಲಿ ಸುತ್ತಿ ಪಟ್ಟಿಯನ್ನು ಪೂರ್ಣಗೊಳಿಸಬೇಕು. 120 ಮನೆಗಳ ಊರಾದರೆ ಮಾದರಿಯ ಗೊಡವೆ ಬೇಡ, ಎಲ್ಲ ಮನೆಗೂ ಹೋಗುವುದೇ ಲೇಸು. ಹೋಬಳಿಯನ್ನೋ ತಾಲ್ಲೂಕನ್ನೋ ಅಧ್ಯಯನ ಮಾಡುವುದಾದರೆ ಪಟ್ಟಿಗೆ ಕ್ರಮಸಂಖ್ಯೆ ಕೊಟ್ಟು, ಚೀಟಿ ಎತ್ತಿ ಮೊದಲ ಮನೆಯನ್ನು ಆರಿಸಿ, ಅಲ್ಲಿಂದ ಸಮಾನ ಅಂತರದಲ್ಲಿ ಮುಂದುವರಿಯಬಹುದು. ಹೀಗೆ ಆರಿಸಿದ 400 ಮನೆಗಳಿಂದ ಬಂದ ಶೇಕಡಾವಾರು ಲೆಕ್ಕದಲ್ಲಿ ಸುಮಾರು ಐದರಷ್ಟು ಅತ್ತಿತ್ತ ಆಗಬಹುದು. 100 ಮನೆಗಳಾದರೆ ಹತ್ತರಷ್ಟು. ನಾಲ್ಕು ಪಟ್ಟು ದುಡಿದರೆ ತಪ್ಪು ಅರ್ಧವಾಗುತ್ತದೆ, ಅಷ್ಟೇ. ಚೀಟಿಯಲ್ಲಿ ಬಂದ ಮನೆ ದೂರವಿದೆಯೆಂದು ಪಕ್ಕದ ಮನೆಗೆ ಹೋದರೆ ಈ ಲೆಕ್ಕವೆಲ್ಲ ಬಿದ್ದುಹೋಯಿತು.

ಪ್ರಶ್ನಾವಳಿಯ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ಅದು ಚಿಕ್ಕದಿರಬೇಕು, ಆಡುಮಾತಿನಲ್ಲಿರಬೇಕು, ಮೊದಲು ಹತ್ತು ಮನೆಗಳಲ್ಲಿ ಪರೀಕ್ಷೆಯಾಗಿರಬೇಕು. ‘ವಾರ್ಷಿಕ ಉರುವಲು ಬಳಕೆ ಎಷ್ಟು ಕ್ವಿಂಟಾಲ್’ ಎಂದು ಕೇಳಿದರೆ ಯಾರೂ ಹೇಳಲಾರರು. ವಾರಕ್ಕೆ ಎಷ್ಟು ಹೊರೆ ಎಂದು ಕೇಳಿ, ನಾಲ್ಕಾರು ಮನೆಗಳ ಹೊರೆಯನ್ನು ಸ್ಪ್ರಿಂಗ್ ತಕ್ಕಡಿಗೆ ಹಾಕಿ ತೂಗಿ, ಬೇಸಿಗೆ ಮತ್ತು ಮಳೆಗಾಲದಲ್ಲಿ ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ವರ್ಷದ ನೆನಪು ಕ್ಯಾಲೆಂಡರಿನ ತಿಂಗಳಿಗಿಂತ ದೀಪಾವಳಿ, ಕೊನೆಕೊಯ್ಲು, ಊರ ಜಾತ್ರೆಗಳಿಗೆ ಅಂಟಿಕೊಂಡಿರುತ್ತದೆ. ಉರುವಲು ತರುವವರು ಹೆಂಗಸರು. ಉತ್ತರ ಹೇಳುವವರು ಜಗಲಿಯ ಮೇಲಿನ ಗಂಡಸರು. ಈ ಒಂದು ತಪ್ಪಿನಿಂದಲೇ ಎಷ್ಟೋ ಸಮೀಕ್ಷೆಗಳು ಕೆಟ್ಟಿವೆ. ಧಣಿಯ ಎದುರಿನಲ್ಲಿ ಕೂಲಿಯ ದರ ಕೇಳುವುದು, ಅತ್ತೆಯ ಎದುರಿನಲ್ಲಿ ಸೊಸೆಯ ದುಡಿಮೆ ಕೇಳುವುದು, ಇವೂ ಅದೇ ಜಾತಿಗೆ ಸೇರಿದ ತಪ್ಪುಗಳು.

ಪ್ರಶ್ನಾವಳಿ ತಿಳಿಸಲಾರದ್ದನ್ನು ನೆಲೆಸಿ ನೋಡುವುದರಿಂದ ತಿಳಿಯಬೇಕು. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸಿಸಿ ಟಿಪ್ಪಣಿ ಬರೆದರು. ಗ್ರಂಥದಲ್ಲಿ ಆ ಊರನ್ನು ರಾಂಪುರ ಎಂದು ಕರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಾನುಗಟ್ಟಲೆ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪನ್ನು ಆಧರಿಸಿ ಅವರು ಬರೆದ ಗ್ರಂಥ 1976ರಲ್ಲಿ ಹೊರಬಂದು ಪ್ರಸಿದ್ಧವಾಯಿತು. ಈ ಪ್ರಸಂಗವನ್ನು ನೆನಪಿನ ಶಕ್ತಿಯ ಹೊಗಳಿಕೆಗೆ ಬಳಸುವುದುಂಟು. ವಿದ್ಯಾರ್ಥಿಗಳು ಕಲಿಯಬೇಕಾದದ್ದು ಅದಕ್ಕಿಂತ ಸಾಮಾನ್ಯವಾದ ಪಾಠ: ಮೂರು ಪ್ರತಿಗಳು ಒಂದೇ ಕಟ್ಟಡದಲ್ಲಿದ್ದರೆ ಅವು ಒಂದೇ ಪ್ರತಿ. ಮೇಲ್ಜಾತಿಗಳ ಕಡೆಯಿಂದ ಕಂಡ ಊರು ತಮ್ಮ ಬರಹದಲ್ಲಿ ಹೆಚ್ಚಾಗಿದೆ ಎಂದು ಶ್ರೀನಿವಾಸ್ ಅವರೇ ಒಪ್ಪಿಕೊಂಡಿದ್ದರು. ಊರಿನ ಮುಖ್ಯಸ್ಥರ ಆಶ್ರಯದಲ್ಲಿ ಉಳಿದವರಿಗೆ ಎಲ್ಲ ಕೇರಿಗಳ ಬಾಗಿಲೂ ಸಮಾನವಾಗಿ ತೆರೆಯುವುದಿಲ್ಲ. ಇಂದಿನ ಶಿಬಿರಾರ್ಥಿಗಳು ಊಟ ಮಾಡುವ ಮನೆ ಯಾವುದು ಎಂಬುದೂ ಸಂಶೋಧನೆಯ ವಿಧಾನಕ್ಕೆ ಸೇರಿದ ವಿಚಾರ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಮಾತು. ಊರಿನ ಬಗ್ಗೆ ಬರೆದದ್ದು ಊರಿನ ವಿರುದ್ಧವೂ ಬಳಕೆಯಾಗಬಹುದು. ಯಾವ ಮನೆ ಎಷ್ಟು ಗುಂಟೆ ಅರಣ್ಯ ಭೂಮಿ ಸಾಗುವಳಿ ಮಾಡಿದೆ ಎಂದು ಹೆಸರು ಸಹಿತ ಬರೆದ ನೋಟ್‌ಬುಕ್ ಯಾರದೋ ಕೈ ಸೇರಿದರೆ ಅದು ಒಕ್ಕಲೆಬ್ಬಿಸುವ ನೋಟಿಸಿಗೆ ಆಧಾರವಾದೀತು. ಉಪ್ಪಾಗೆಯ ಕಥೆಯೂ ಎಚ್ಚರಿಕೆಯ ಕಥೆಯೇ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಕ್ಕಾಗಿ ಅದರ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಘಟ್ಟದ ಕಾಡುಗಳಲ್ಲಿ ಕೊಯ್ಲಿನ ಪೈಪೋಟಿ ನಡೆಯಿತು. ಅಪರೂಪದ ಗಿಡ ಯಾವ ಹಳ್ಳದ ಯಾವ ದಂಡೆಯಲ್ಲಿದೆ ಎಂದು ಅಚ್ಚು ಹಾಕಿಸುವ ಮುನ್ನ ಎರಡು ಸಲ ಯೋಚಿಸಬೇಕು. ಆದ್ದರಿಂದ ಹೆಸರುಗಳ ಬದಲು ಸಂಖ್ಯೆ. ಸಂಖ್ಯೆ ಮತ್ತು ಹೆಸರನ್ನು ಜೋಡಿಸುವ ಪಟ್ಟಿ ಬೇರೊಂದು ಕಡೆ. ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯುವುದು, ಬೇಡವೆಂದವರನ್ನು ಒತ್ತಾಯಿಸದಿರುವುದು ಕೇವಲ ಸೌಜನ್ಯವಲ್ಲ, ಕರ್ತವ್ಯ. ಕಾಪಾಡಲಾಗದ ಮಾಹಿತಿಯನ್ನು ಬರೆದುಕೊಳ್ಳದಿರುವುದು ಎಲ್ಲಕ್ಕಿಂತ ಕ್ಷೇಮ.

ಅದೇ ಮಾಹಿತಿ ಊರಿಗೆ ರಕ್ಷೆಯೂ ಆಗಬಲ್ಲದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. ಅಷ್ಟು ಹಳೆಯ ಕಾಗದ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಆದರೆ ಕಾಯ್ದೆಯ ನಿಯಮಗಳು ಸರ್ಕಾರಿ ದಾಖಲೆಗಳನ್ನಷ್ಟೇ ಸಾಕ್ಷ್ಯವೆಂದು ಹೇಳಿಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ಸ್ಥಾನ, ಗೆಜೆಟಿಯರ್, ಸಂಶೋಧನಾ ಅಧ್ಯಯನಗಳು, ಹಕ್ಕು ಕೇಳುವವರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಇವೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇರಬೇಕೆಂಬುದು ನಿಯಮ. ಹೇಳಿಕೆಯನ್ನು ಬರೆದುಕೊಳ್ಳುವಾಗ ಹೇಳಿದವರ ವಯಸ್ಸು, ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ಯಾವ ನೆರೆ ಅಥವಾ ಯಾವ ಜಾತ್ರೆಯ ವರ್ಷ ಎಂಬುದನ್ನು ಬೇರ್ಪಡಿಸಿದ್ದರೆ ಅದಕ್ಕೆ ತೂಕ ಬರುತ್ತದೆ. ಎಲ್ಲ ಹಿರಿಯರ ಬಾಯಲ್ಲಿ ಒಂದೇ ವಾಕ್ಯ, ಒಂದೇ ಕೈಬರಹ ಇದ್ದರೆ ಓದುವ ಅಧಿಕಾರಿಗೆ ಸಂಶಯ ಬಂದರೆ ತಪ್ಪೇನು? ತಿರಸ್ಕೃತವಾದ ಅರ್ಜಿದಾರರನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯ 2019ರ ಫೆಬ್ರವರಿ 13ರಂದು ಆದೇಶಿಸಿ, ಅದೇ ತಿಂಗಳ 28ರಂದು ಅದನ್ನು ತಡೆಹಿಡಿದಾಗ, ಆ ಎರಡು ವಾರಗಳಲ್ಲಿ ಎಷ್ಟೋ ಮನೆಗಳಿಗೆ ತಮ್ಮ ಅರ್ಜಿಯೊಳಗೆ ಏನು ಬರೆದಿದೆ ಎಂಬ ಚಿಂತೆ ಹತ್ತಿತ್ತು.

ಹಳ್ಳಿಗರು ಅಂಕಿಸಂಖ್ಯೆಯ ಮೂಲಕ ಮಾತನಾಡಿದ ಪರಂಪರೆ ಘಟ್ಟದಲ್ಲಿ ಇಲ್ಲದಿಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ಸಾಧಕ ಬಾಧಕಗಳನ್ನು ತೂಗಲು 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆದಾಗ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತಿದ್ದರು. ಮುಳುಗುವ ತೋಟ, ಕಾಡು, ಅವುಗಳಿಂದ ವರ್ಷವರ್ಷವೂ ಬರುವ ಉತ್ಪತ್ತಿ ಇವನ್ನು ಯೋಜನೆಯ ಖರ್ಚಿನ ಕಡೆಗೆ ಸೇರಿಸಿ ಲೆಕ್ಕ ಹಾಕಬೇಕೆಂಬ ವಾದ ಅಲ್ಲಿ ಬಲವಾಗಿ ಮಂಡನೆಯಾಯಿತು. ಭಾವನೆಯ ಮಾತಿಗೆ ಉತ್ತರ ಕೊಡದೆ ಹೋಗಬಹುದು, ಲೆಕ್ಕಕ್ಕೆ ಲೆಕ್ಕವನ್ನೇ ಕೊಡಬೇಕಾಗುತ್ತದೆ.

ಕೊನೆಯದಾಗಿ ವರದಿಯ ವಿಚಾರ. ಬರೆದು ಮುಗಿಸಿದ ಮೇಲೆ ಅದನ್ನು ಮೊದಲು ಓದಬೇಕಾದುದು ಊರಿನ ಸಭೆಯಲ್ಲಿ, ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ. ಓದಿದಾಗ ಯಾರಾದರೂ ‘ಅದು ಹಾಗಲ್ಲ’ ಎಂದು ಎದ್ದೇ ಏಳುತ್ತಾರೆ. ತಪ್ಪಿದ್ದರೆ ತಿದ್ದಬೇಕು; ಅಭಿಪ್ರಾಯಭೇದವಾದರೆ ಎರಡೂ ಅಭಿಪ್ರಾಯಗಳನ್ನು ವರದಿಯಲ್ಲಿ ದಾಖಲಿಸಬೇಕು. ಊರಿನ ಗಣ್ಯರಿಗೆ ಹಿಡಿಸದ ಸಂಗತಿಯೊಂದು, ಉದಾಹರಣೆಗೆ ಸಾಮೂಹಿಕ ಬೆಟ್ಟದ ಬಹುಪಾಲು ಬಳಕೆ ನಾಲ್ಕೇ ಮನೆಗಳದು ಎಂಬಂಥದು, ಕಂಡುಬಂದರೆ ಅದನ್ನು ಕೈಬಿಡುವಂತೆ ಒತ್ತಡ ಬರುತ್ತದೆ. ಆಗ ಏನು ಮಾಡಬೇಕೆಂಬುದನ್ನು ಅಧ್ಯಯನ ಆರಂಭಿಸುವ ಮೊದಲೇ ಸಭೆಯಲ್ಲಿ ಒಪ್ಪಿಕೊಂಡು ಬರೆದಿಟ್ಟಿರಬೇಕು. ವರದಿಯ ಒಂದು ಪ್ರತಿ ಪಂಚಾಯತಿಯಲ್ಲಿ, ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರಬೇಕು.

ಮಧ್ಯಾಹ್ನದ ಅವಧಿಯಲ್ಲಿ ಶಿಬಿರಾರ್ಥಿಗಳು ನಾಲ್ಕು ತಂಡಗಳಾಗಿ ಮನೆಪಟ್ಟಿ ತಯಾರಿಸಲು ಹೊರಡುತ್ತಾರೆ. ಪ್ರತಿ ತಂಡದಲ್ಲಿ ಊರಿನ ಒಬ್ಬ ಹೆಂಗಸು, ಒಬ್ಬ ಗಂಡಸು ಜೊತೆಗಿರುತ್ತಾರೆ. ಹೊಳೆಯಾಚೆಯ ಕೇರಿಯಿಂದ ಆರಂಭಿಸಿ ರಸ್ತೆಯ ಕಡೆಗೆ ಬರುವುದು.